ಅಳಿಯನಿಗೆ ಹಾಕಿದ ಕೂಡುವ ಲೆಕ್ಕ

ತಿಮ್ಮಯ್ಯನಿಗೆ ತಕ್ಕಡಿಯ ಮೇಲಿದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ ಅಂದರೆ ಕಬ್ಬಾಳಮ್ಮ ಮುನಿಸಿಕೊಂಡಾಳು, ಆದರೆ ಮಾತು ಸುಳ್ಳಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ತೂಗಿ ತೂಗಿಯೇ ತಲೆ ನರೆಸಿಕೊಂಡು ನಿವೃತ್ತನಾದ ಮನುಷ್ಯ ಅವನು. ಗೂಡು ತಂದ ರೈತ ‘ಇನ್ನೂ ಒಸಿ ಜಾಸ್ತಿ ಬರಬೇಕು ಕಣಣ್ಣ’ ಅನ್ನುವನು, ನೂಲು ತೆಗೆಸಲು ಗೂಡು ಕೊಳ್ಳುವ ರೀಲರು ‘ಎಲ್ಲಿ ಜಾಸ್ತಿ, ಕಮ್ಮೀನೇ ಐತೆ’ ಅನ್ನುವನು. ನಡುವೆ ನಿಂತ ತಿಮ್ಮಯ್ಯ ಮುಳ್ಳಿನ ಕಡೆ ಬೆರಳು ತೋರಿಸಿ, ‘ನನ್ನ ಕೇಳಬ್ಯಾಡಿ, ಇದನ್ನ ಕೇಳಿ’ ಅನ್ನುವನು. ಅಲ್ಲಿಗೆ ಇಬ್ಬರ ಬಾಯಿಯೂ ಬಂದ್. ಹೀಗೆ ದಿನಾ ಜಗಳ ಬಿಡಿಸಿ ಬಿಡಿಸಿ ಅವನಿಗೊಂದು ಕಾಯಿಲೆ ಅಂಟಿಕೊಂಡಿತು. ಅಂಕಿ ಇದ್ದ ಕಡೆ ಮಾತು ಯಾಕೆ ಅನ್ನುವ ಕಾಯಿಲೆ.

ಮನೆಯಲ್ಲೂ ಅದೇ ಪಾಡು. ಹೆಂಡತಿ ಕಾವೇರಮ್ಮ ಅಷ್ಟು ಆಸೆಯಿಂದ ಬಸ್ಸಾರು ಮಾಡಿ, ‘ಎಂಗೈತೆ?’ ಅಂತ ಕೇಳಿದರೆ, ಈ ಮಹಾನುಭಾವ ನಾಲಗೆ ಚಪ್ಪರಿಸಿ ‘ಹತ್ತಕ್ಕೆ ಏಳು’ ಅಂದಿದ್ದ. ಕಾವೇರಮ್ಮ ಮುದ್ದೆ ಬಡಿಸುವಾಗ ಎರಡು ಹಾಕುವ ಕಡೆ ಒಂದೂವರೆ ಹಾಕಿ, ‘ಏಳಕ್ಕೆ ಇಷ್ಟೇ ಬರೋದು’ ಅಂದಳು. ಆದರೂ ಬುದ್ಧಿ ಬಂತೇ? ಹುಟ್ಟುಗುಣ ಸುಟ್ಟರೂ ಹೋಗೋದಿಲ್ಲ.

ಇಂಥವನ ಒಬ್ಬಳೇ ಮಗಳು ರಾಧಾಮಣಿಗೆ ಗಂಡು ಹುಡುಕುವ ಕಾಲ ಬಂತು. ಆಗ ರಾಮನಗರ ಹೊಸದಾಗಿ ಜಿಲ್ಲೆಯಾಗಿತ್ತು. ಬಿಡದಿ ಕಡೆ ನೋಡಿದಲ್ಲೆಲ್ಲ ಫ್ಯಾಕ್ಟರಿ ಏಳುತ್ತಿದ್ದವು. ಬೆಳಗಾದರೆ ಕಂಪನಿ ಬಸ್ಸುಗಳು ಬೀದಿ ತುದಿಗೆ ಬಂದು ಹಾರನ್ ಹೊಡೆಯುತ್ತಿದ್ದವು. ಬಿ.ಎಸ್ಸಿ. ಮುಗಿಸಿದ ರಾಧಾಮಣಿ ಅಂಥದೇ ಒಂದು ಬಸ್ಸು ಹತ್ತಿ, ಗಾಡಿಯ ಬಿಡಿಭಾಗ ಮಾಡುವ ಕಂಪನಿಯೊಂದಕ್ಕೆ ಹೋಗುತ್ತಿದ್ದಳು. ತಯಾರಾದ ಮಾಲು ಅಳತೆಗೆ ಸರಿಯಾಗಿದೆಯಾ ಅಂತ ನೋಡುವುದು ಅವಳ ಕೆಲಸ. ‘ನಾನು ತೂಗಿದೆ, ಮಗಳು ಅಳೀತವ್ಳೆ’ ಅಂತ ತಿಮ್ಮಯ್ಯ ಕಂಡಕಂಡವರ ಹತ್ತಿರ ಮೀಸೆ ತಿರುವುತ್ತಿದ್ದ.

ಸಂಬಂಧ ತರುತ್ತಿದ್ದವನು ಗಂಗಹನುಮಯ್ಯ. ತಿಮ್ಮಯ್ಯನ ಓರಗೆಯವನು, ಇಬ್ಬರೂ ಒಟ್ಟಿಗೆ ಗೋಲಿ ಆಡಿದವರು. ಅವನು ಒಂದೇ ವಾರದಲ್ಲಿ ಎರಡು ಗಂಡು ತಂದ. ಒಬ್ಬ ಚನ್ನಪಟ್ಟಣದ ಅಶ್ವಥ್. ಇನ್ನೊಬ್ಬ ಕಬ್ಬಾಳಿನ ನಾಗರಾಜು. ಇಬ್ಬರೂ ತಿಮ್ಮಯ್ಯನ ಜನವೇ, ಇಬ್ಬರದೂ ಬಿಡದಿ ಕಡೆ ಬೇರೆಬೇರೆ ಕಂಪನಿಯಲ್ಲಿ ಕೆಲಸ, ಇಬ್ಬರೂ ನೋಡಲು ಲಕ್ಷಣವಾಗಿದ್ದರು. ‘ಭಾನುವಾರ ಸಂಜೆಗೆ ಬತ್ತೀನಿ ಕಣ್ಲಾ ತಿಮ್ಮ. ಯಾರು ಅಂತ ಹೇಳ್ಬುಡು. ಚನ್ನಪಟ್ಟಣದವ್ರು ಕಾಯಕ್ಕಿಲ್ಲ’ ಅಂತ ಹೇಳಿ ಹೋದ. ತಿಮ್ಮಯ್ಯ ಒಂದು ಸಲ ಹೂಂ ಅಂದರೆ ಮುಗಿಯಿತು, ಪ್ರಾಣ ಹೋದರೂ ಹಿಂದೆ ತಗೊಳ್ಳುವ ಜಾತಿಯಲ್ಲ ಅನ್ನುವುದು ಊರಿಗೇ ಗೊತ್ತಿತ್ತು.

ತಿಮ್ಮಯ್ಯನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಕಬ್ಬಾಳಿನ ಸಂಬಂಧ ತಾನಾಗಿ ಬಂದದ್ದಲ್ಲ. ನಾಗರಾಜು ರಾಧಾಮಣಿಯ ಕಂಪನಿಯಲ್ಲೇ ಎಲೆಕ್ಟ್ರಿಷಿಯನ್. ರಾಮನಗರದಲ್ಲಿ ರೂಮು ಮಾಡಿಕೊಂಡು ಅದೇ ಬಸ್ಸಿನಲ್ಲಿ ಓಡಾಡುವವನು. ‘ಗಂಗಹನುಮಯ್ಯನವರ ಕೈಲಿ ಜಾತಕ ಕಳ್ಸು’ ಅಂತ ಅವನಿಗೆ ಹೇಳಿಕೊಟ್ಟವಳೇ ಈ ಪುಣ್ಯಾತಗಿತ್ತಿ. ವಿಷಯ ಕಾವೇರಮ್ಮನಿಗೆ ಗೊತ್ತಿತ್ತು. ತಿಮ್ಮಯ್ಯನಿಗೆ ಹೇಳುವ ಧೈರ್ಯ ಮಗಳಿಗಿರಲಿಲ್ಲ, ಹೇಳುವ ಅವಸರ ತಾಯಿಗಿರಲಿಲ್ಲ. ‘ನೆಟ್ಟಗೆ ಹೇಳಿದ್ರೆ ಹಟ ಹಿಡಿದು ಕೂತ್ಕತ್ತಾರೆ. ಲೆಕ್ಕದ ಮನುಷ್ಯನ್ನ ಲೆಕ್ಕದಲ್ಲೇ ಹಿಡಿಯವ್ವ’ ಅಂದಿದ್ದಳು ಕಾವೇರಮ್ಮ.

ಭಾನುವಾರ ಬೆಳಗ್ಗೆ ತಿಮ್ಮಯ್ಯ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಸೀಮೆಸುಣ್ಣ ಹಿಡಿದು ಬಾಗಿಲ ಹಿಂದೆ ನಿಂತ. ಕಂಪನಿಯವರು ಕೆಲಸಕ್ಕೆ ಜನ ಆರಿಸುವಾಗ ಎಲ್ಲ ಅಂಕ ಕೂಡಿ, ಯಾರದು ಜಾಸ್ತಿಯೋ ಅವರ ಹೆಸರನ್ನು ಬೋರ್ಡಿಗೆ ಹಾಕುತ್ತಾರೆ ಅಂತ ಕೇಳಿದ್ದ. ಮುಖ ನೋಡಿ ಅಳಿಯನನ್ನು ಆರಿಸುವ ಕಾಲ ಹೋಯಿತು ಅನ್ನುವುದು ಅವನ ಅಭಿಪ್ರಾಯ. ಬಾಗಿಲ ಹಲಗೆಯ ಮೇಲೆ ಎಡಕ್ಕೆ ಅಶ್ವಥ್, ಬಲಕ್ಕೆ ನಾಗರಾಜು ಅಂತ ಬರೆದ. ಜಾತಕದ ಸಾಲಾವಳಿಯಲ್ಲಿ ಎಡಕ್ಕೆ ಇಪ್ಪತ್ತೇಳು, ಬಲಕ್ಕೆ ಹತ್ತೊಂಬತ್ತು. ಕಂಪನಿಯಲ್ಲಿ ಅವರವರ ಗ್ರೇಡು ಎಡಕ್ಕೆ ನಾಲ್ಕು, ಬಲಕ್ಕೆ ಒಂದು. ಜಮೀನು ಎಡಕ್ಕೆ ಮೂರೆಕರೆ, ಬಲಕ್ಕೆ ಎರಡು. ಗೆರೆ ಎಳೆದು ಕೂಡಿದ. ಆಮೇಲೆ ಮಾರುಕಟ್ಟೆಯಲ್ಲಿ ತೂಕ ಕೂಗುತ್ತಿದ್ದ ಅದೇ ಗಂಟಲಲ್ಲಿ ಕೂಗಿದ.

‘ಅಶ್ವಥ್ ಮೂವತ್ತನಾಲ್ಕು! ನಾಗರಾಜು ಇಪ್ಪತ್ತೆರಡು! ಕಾವೇರಿ, ಕೇಳಿಸ್ತೇನೆ?’

ಒಳಗೆ ಕಾವೇರಮ್ಮನ ಕೈಯಿಂದ ಸೌಟು ಬಿದ್ದ ಸದ್ದು ಕೇಳಿತು. ರಾಧಾಮಣಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದು ಬಾಗಿಲು ನೋಡಿದಳು. ಅವಳ ಮುಖ ಒಂದು ಗಳಿಗೆ ಸುಣ್ಣದಂತಾಯಿತು. ಆಮೇಲೆ ಸಾವರಿಸಿಕೊಂಡಳು.

‘ಅಪ್ಪ, ದೂರ ಬರೆದೇ ಇಲ್ವಲ್ಲ? ಅದೂ ಅಂಕೀನೇ ತಾನೆ.’

ಹೌದಲ್ಲ ಅಂದುಕೊಂಡ ತಿಮ್ಮಯ್ಯ. ಚನ್ನಪಟ್ಟಣಕ್ಕೆ ಹನ್ನೆರಡು ಕಿಲೋಮೀಟರ್, ಕಬ್ಬಾಳಿಗೆ ಮೂವತ್ತೈದು ಇಟ್ಟುಕೊಳ್ಳೋಣ. ಬರೆದ, ಕೂಡಿದ. ಅಶ್ವಥ್ ನಲವತ್ತಾರು, ನಾಗರಾಜು ಐವತ್ತೇಳು.

‘ನಾಗರಾಜೇ ಗೆದ್ದ ನೋಡಪ್ಪ’ ಅಂದಳು ರಾಧಾಮಣಿ, ಏನೂ ಅರಿಯದವಳ ಹಾಗೆ.

‘ಥೂ! ದೂರ ಜಾಸ್ತಿ ಆದ್ರೆ ಒಳ್ಳೇದೇನವ್ವ? ನೀನು ಹಬ್ಬಕ್ಕೆ ಮೂರು ಬಸ್ ಬದಲಾಯ್ಸಿ ಬರೋದ್ರೊಳಗೆ ಹಬ್ಬವೇ ಮುಗಿದಿರ್ತದೆ. ದೂರನ ಕೂಡೋದಲ್ಲ, ಕಳೀಬೇಕು.’

ಕಳೆದ. ಮೂವತ್ತನಾಲ್ಕರಲ್ಲಿ ಹನ್ನೆರಡು ಹೋಗಿ ಅಶ್ವಥ್‌ಗೆ ಇಪ್ಪತ್ತೆರಡು ಉಳಿಯಿತು. ಇಪ್ಪತ್ತೆರಡರಲ್ಲಿ ಮೂವತ್ತೈದು ಹೋಗಿ ನಾಗರಾಜುಗೆ ಮೈನಸ್ ಹದಿಮೂರು ಬಂತು. ಆರಡಿ ಎತ್ತರದ ಒಬ್ಬ ಗಟ್ಟಿಮುಟ್ಟಾದ ಹುಡುಗ ಹೀಗೆ ಸೊನ್ನೆಗಿಂತ ಕೆಳಗೆ ಇಳಿದುಹೋದದ್ದನ್ನು ಕಂಡು ತಿಮ್ಮಯ್ಯನೇ ಸೀಮೆಸುಣ್ಣ ಹಿಡಿದು ಹಾಗೇ ನಿಂತುಬಿಟ್ಟ. ಒಳಗಿನಿಂದ ಕಾವೇರಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುವುದು ಕೇಳಿಸಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಒಂದೊಂದು ಅಂಕಿ ಒಂದೊಂದು ಕಡೆ ಎಳೆಯುತ್ತಿತ್ತು.

‘ಎಲ್ಲೋ ಎಡವಟ್ಟಾಗೈತೆ’ ಅಂದ.

‘ಎಡವಟ್ಟು ಕೂಡೋದ್ರಲ್ಲಿ ಇಲ್ಲ ಅಪ್ಪ. ನೀನು ಎಲ್ಲಾ ಅಂಕೀನೂ ತೂಕ ಅಂದ್ಕೊಂಡಿದೀಯ’ ಅಂತ ಮಗಳು ಹೊಸಿಲ ಮೇಲೆ ಕೂತಳು. ‘ನಮ್ಗೆ ಕಂಪನಿ ಟ್ರೈನಿಂಗಲ್ಲಿ ಇದೇ ಮೊದಲನೇ ಪಾಠ. ಅಂಕಿ ನೋಡಕ್ಕೆ ಒಂದೇ ಥರ ಇರ್ತವೆ, ಆದ್ರೆ ಅವುಗಳಲ್ಲಿ ನಾಲ್ಕು ಥರ ಅವೆ. ಈಗ ಮಾರ್ಕೆಟ್ಟಲ್ಲಿ ಒಬ್ಬೊಬ್ಬ ರೈತನ ರಾಶಿಗೂ ಲಾಟ್ ನಂಬರ್ ಕೊಡ್ತಾರಲ್ಲ? ಎಂಬತ್ತನೇ ನಂಬರ್ ಲಾಟು ಹತ್ತನೇ ನಂಬರಿಗಿಂತ ಎಂಟರಷ್ಟು ತೂಗ್ತದಾ?’

‘ನಂಗೇನು ತಲೆ ಕೆಟ್ಟೈತಾ? ಅದು ಬರೀ ಗುರುತು. ರಾಮ ಭೀಮ ಅನ್ನೋ ಬದಲು ನಂಬರ್ ಕೊಡೋದು ಅಷ್ಟೆ.’

‘ಅದೇ ಮೊದಲನೇದು, ಹೆಸರಿನ ಅಂಕಿ. ಕೂಡೋ ಹಂಗಿಲ್ಲ, ಕಳೆಯೋ ಹಂಗಿಲ್ಲ, ದೊಡ್ಡದು ಚಿಕ್ಕದು ಅನ್ನೋ ಹಂಗಿಲ್ಲ. ಎರಡನೇದು ಸಾಲಿನ ಅಂಕಿ. ಗೂಡಲ್ಲಿ ಒಂದನೇ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ ಅಂತೀರಲ್ಲ, ಯಾವುದು ಒಳ್ಳೇದು?’

‘ಇದೇನ್ ಕೇಳ್ತೀಯ. ಒಂದು.’

‘ಮೂರು ದೊಡ್ಡ ಅಂಕಿ ಅಲ್ವಾ?’

ತಿಮ್ಮಯ್ಯ ತಿರುಗಿ ಬಾಗಿಲು ನೋಡಿದ. ಬಾಗಿಲ ಮೇಲೆ ಅವನೇ ಬರೆದಿದ್ದ ಗ್ರೇಡು ಕಣ್ಣಿಗೆ ಬಿತ್ತು.

‘ನಮ್ ಕಂಪನೀಲಿ ಒಂದನೇ ಗ್ರೇಡೇ ಎಲ್ಲಕ್ಕಿಂತ ಮೇಲ್ಗಡೆ’ ಅಂದಳು ರಾಧಾಮಣಿ. ‘ಅಶ್ವಥ್ ಅವ್ರ ಕಂಪನೀದು ನಂಗೊತ್ತಿಲ್ಲ. ಅಲ್ಲಿ ನಾಲ್ಕು ಅಂದ್ರೆ ಮೇಲೂ ಇರಬೌದು, ಕೆಳಗೂ ಇರಬೌದು. ಯಾವ ತುದಿಯಿಂದ ಎಣಿಸ್ತಾರೆ ಅಂತ ತಿಳೀದೆ ಬಾಗಿಲಿಗೆ ಬರೆದುಬುಟ್ರೆ ಎಂಗೆ?’

‘ಅದೂ ಅಲ್ದೆ...’ ಅಂತ ತಿಮ್ಮಯ್ಯನೇ ಶುರುಮಾಡಿದ. ತನ್ನ ಮಾರುಕಟ್ಟೆಯ ಮಾತು ಬಂದರೆ ಅವನಿಗೆ ಸುಮ್ಮನಿರಲು ಆಗದು. ‘ಒಂದಕ್ಕೂ ಎರಡಕ್ಕೂ ಕೆಲವು ದಿನ ಕೂದಲೆಳೆಯಷ್ಟೂ ವ್ಯತ್ಯಾಸ ಇರಾಕಿಲ್ಲ. ಎರಡರಿಂದ ಮೂರಕ್ಕೆ ಬಂದ್ರೆ ಗೂಡು ಕೈಲಿ ಹಿಡಿಯಕ್ಕೂ ಬೇಜಾರು. ಮೆಟ್ಲು ಎಲ್ಲಾ ಒಂದೇ ಎತ್ತರ ಇರಲ್ಲ ಕಣವ್ವ.’

‘ಸಾಲಿನ ಅಂಕಿ ಅಂದ್ರೆ ಅದೇ ಅಪ್ಪ. ಯಾರು ಮುಂದೆ ಯಾರು ಹಿಂದೆ ಅಂತ ಹೇಳ್ತದೆ. ಎಷ್ಟು ಮುಂದೆ ಅಂತ ಹೇಳಕ್ಕಿಲ್ಲ.’

ಇವಳು ಮೇಷ್ಟ್ರಾಗಬೇಕಿತ್ತು ಅಂದುಕೊಂಡ ತಿಮ್ಮಯ್ಯ ತಾನೂ ಗೋಡೆಗೊರಗಿ ಕೂತ. ಕಾವೇರಮ್ಮ ಇಬ್ಬರಿಗೂ ಕಾಫಿ ತಂದಿಟ್ಟು, ಒಳಗೆ ಹೋಗುವ ಬದಲು ಬಾಗಿಲ ಮರೆಯಲ್ಲೇ ನಿಂತಳು.

‘ಮೂರನೇದು ಡಿಗ್ರಿ ಅಂಕಿ. ಬೇಸಗೇಲಿ ನಮ್ಮೂರಲ್ಲಿ ಮೂವತ್ತಾರು ಡಿಗ್ರಿ, ಚಳಿಗಾಲದ ಬೆಳಗ್ಗೆ ಹದಿನೆಂಟು. ಬೇಸಗೇಲಿ ಎರಡರಷ್ಟು ಬಿಸಿ ಅನ್ನಬೌದಾ?’

‘ಅನ್ನಬೌದು. ಹದಿನೆಂಟೆರಡಲ ಮೂವತ್ತಾರು.’

‘ಹಂಗಾದ್ರೆ ಸೊನ್ನೆ ಡಿಗ್ರಿ ಅಂದ್ರೆ ಬಿಸಿನೇ ಇಲ್ಲ ಅಂತಾಯ್ತು. ಟೀವೀಲಿ ಕಾಶ್ಮೀರದಲ್ಲಿ ಮೈನಸ್ ಐದು ಅಂತಾರಲ್ಲ, ಏನೂ ಇಲ್ಲದ್ದಕ್ಕಿಂತ ಕಮ್ಮಿ ಎಲ್ಲಿಂದ ಬಂತು?’

ತಿಮ್ಮಯ್ಯ ಕಾಫಿ ಲೋಟ ಕೆಳಗಿಟ್ಟ. ಇದನ್ನು ಅವನು ಯಾವತ್ತೂ ಯೋಚಿಸಿರಲಿಲ್ಲ.

‘ಆ ಸೊನ್ನೆ ನಾವು ಇಟ್ಟುಕೊಂಡಿರೋದು ಅಪ್ಪ. ನೀರು ಗಡ್ಡೆ ಕಟ್ಟೋ ಜಾಗದಲ್ಲಿ ಯಾರೋ ಸೊನ್ನೆ ಅಂತ ಗೂಟ ಹೊಡೆದವ್ರೆ. ಅಲ್ಲಿಂದ ಮೇಲೆ ಇಷ್ಟು, ಕೆಳಗೆ ಇಷ್ಟು ಅಂತ ಎಣಿಸ್ತೀವಿ. ಹತ್ತು ಡಿಗ್ರಿ ಜಾಸ್ತಿ ಆಯ್ತು ಅನ್ನಬೌದು, ಎರಡರಷ್ಟು ಆಯ್ತು ಅನ್ನಂಗಿಲ್ಲ. ಹುಳದ ಮನೇಲಿ ಇಪ್ಪತ್ತೈದು ಡಿಗ್ರಿ ಇರೋದು ಐವತ್ತಾದ್ರೆ ಹುಳ ಎರಡರಷ್ಟು ಸುಖವಾಗಿರ್ತವಾ?’

‘ಸತ್ತೇ ಹೋಯ್ತವೆ’ ಅಂದ ತಿಮ್ಮಯ್ಯ, ನಗುತ್ತ.

‘ಇನ್ನು ನಾಲ್ಕನೇದು ನಿನ್ನದು. ತೂಕದ ಅಂಕಿ. ಮೈನಸ್ ಎರಡು ಕೇಜಿ ಗೂಡು ಯಾವತ್ತಾದ್ರೂ ತೂಗಿದೀಯಾ?’

ತಿಮ್ಮಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಲೇ, ಅಂಥ ಗೂಡು ತಂದಿದ್ರೆ ರೈತನ್ನೇ ತಕ್ಕಡೀಲಿ ಕೂರಿಸ್ತಿದ್ದೆ. ಸೊನ್ನೆ ಅಂದ್ರೆ ತಟ್ಟೆ ಖಾಲಿ. ಅದಕ್ಕಿಂತ ಕೆಳಗೆ ಏನೈತೆ?’

‘ಅದಕ್ಕೇ ಅದು ಎಲ್ಲದಕ್ಕಿಂತ ಗಟ್ಟಿ ಅಂಕಿ. ಅದನ್ನ ಕೂಡಬೌದು, ಕಳೀಬೌದು, ಎರಡರಷ್ಟು ಮೂರರಷ್ಟು ಅನ್ನಬೌದು. ಎಕರೆ, ಕಿಲೋಮೀಟರು ಎಲ್ಲಾ ಅದೇ ಥರ. ಆದ್ರೂ ಎಕರೆಗೆ ಕಿಲೋಮೀಟರ್ ಸೇರ್ಸಿದ್ರೆ ಏನು ಬತ್ತದೆ ಅಪ್ಪ? ರಾಗಿಗೆ ಬೆಲ್ಲದಚ್ಚು ಕೂಡ್ದಂಗೆ.’

‘ಮತ್ತೆ ಸಾಲಾವಳಿ ಯಾವ ಥರ?’

‘ನಂಗನ್ಸೋದು ಸಾಲಿನ ಅಂಕಿ. ಹದಿನೆಂಟರ ಮೇಲಿದ್ರೆ ಸಾಕು ಅಂತ ಐನೋರೇ ಅಂತಾರೆ. ಇಬ್ಬರೂ ದಾಟವ್ರೆ. ಇಪ್ಪತ್ತೇಳು ಬಂದೋನು ಹತ್ತೊಂಬತ್ತು ಬಂದೋನ ಮುಂದೆ ಒಂದೂವರೆ ಗಂಡ ಆಗಲ್ಲವಲ್ಲ.’

ತಿಮ್ಮಯ್ಯ ಎದ್ದು ಹೆಗಲ ಮೇಲಿನ ಟವೆಲ್ಲಿನಿಂದ ಬಾಗಿಲನ್ನು ಒರೆಸಿಬಿಟ್ಟ. ರಾಧಾಮಣಿಯ ಎದೆ ಹಗುರಾಯಿತು. ಪಾಪ, ಅಷ್ಟು ಬೇಗ ಹಗುರಾಗಬಾರದಿತ್ತು. ಯಾಕಂದರೆ ಒರೆಸಿದ ಬಾಗಿಲು ನೋಡುತ್ತ ನೋಡುತ್ತ ಅವಳಪ್ಪನ ಮುಖ ಗಂಟಿಕ್ಕಿತು.

‘ಕೂಡಬ್ಯಾಡ ಅಂತೀಯ. ಒಪ್ಕಂಡೆ. ಕೂಡದೆ ಆರಿಸೋದೆಂಗೆ? ಸಂಜೆ ಗಂಗಹನುಮಯ್ಯ ಬಂದು ಯಾರು ಅಂತ ಕೇಳಿದ್ರೆ, ಅಂಕಿ ನಾಲ್ಕು ಥರ ಕಣಯ್ಯ ಅಂತ ಪಾಠ ಮಾಡ್ಲಾ? ಸಾಲಿನ ಅಂಕಿ ಅಂದ್ಯಲ್ಲ, ಸಾಲಲ್ಲಿ ಮುಂದೆ ಇರೋನು ಅಶ್ವಥ್. ದೂರವೂ ಹತ್ರ. ಅವನೇ ಆಯ್ತು, ಬಿಡು.’ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ರಾಧಾಮಣಿಗೆ ಇದ್ದ ಬುದ್ಧಿಯೆಲ್ಲ ಅಷ್ಟರಲ್ಲೇ ಖರ್ಚಾಗಿ ಹೋಗಿತ್ತು. ‘ಅಪ್ಪ’ ಅಂದಳು. ತಿರುಗಿ ನೋಡಿದ ತಿಮ್ಮಯ್ಯನಿಗೆ ಕಂಡದ್ದು ತಲೆ ತಗ್ಗಿಸಿ, ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತ ಮಗಳು. ಇಷ್ಟು ಹೊತ್ತು ಪಟಪಟ ಮಾತಾಡಿದವಳಿಗೆ ಈಗೇನಾಯಿತು ಅಂತ ಅವನಿಗೆ ಕಸಿವಿಸಿಯಾಯಿತು. ಆದರೂ ನಿಲ್ಲಲಿಲ್ಲ.

ಕಾಲು ತಾನಾಗಿ ಮಾರುಕಟ್ಟೆಗೆ ಕರೆದುಕೊಂಡು ಹೋಯಿತು. ನಿವೃತ್ತನಾದ ಮೇಲೂ ಅವನು ಅಲ್ಲಿಗೆ ಹೋಗದ ವಾರವಿರಲಿಲ್ಲ. ಗೂಡಿನ ವಾಸನೆ ಮೂಗಿಗೆ ಬಿದ್ದರೆ ಮನಸ್ಸು ತಣ್ಣಗಾಗುತ್ತಿತ್ತು. ಒಳಗೆ ಹರಾಜು ಜೋರಾಗಿತ್ತು. ಕಂಬದ ಪಕ್ಕದ ರಾಶಿಯ ಸುತ್ತ ರೀಲರುಗಳು ಗೂಡನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ರಾಶಿ ಮಾಗಡಿ ಕಡೆಯ ದೊಡ್ಡಲಕ್ಷ್ಮಮ್ಮ ಅನ್ನುವ ವಯಸ್ಸಾದ ಹೆಂಗಸಿನದು. ಕೊನೆಗೆ ಎಲ್ಲರಿಗಿಂತ ಮೇಲೆ ಕೂಗಿದವನು ನಿಯಾಜ್, ತಿಮ್ಮಯ್ಯನ ಹಳೇ ಪರಿಚಯದ ರೀಲರು.

ತೂಗುವ ಹೊಸ ಹುಡುಗ ತಕ್ಕಡಿ ಪಕ್ಕ ಕೈಕಟ್ಟಿ ನಿಂತಿದ್ದ. ಕೂಗು ಮುಗಿದಿತ್ತು, ರೇಟು ಗೊತ್ತಾಗಿತ್ತು. ಆದರೂ ಅವನು ಗೂಡು ಮುಟ್ಟಲಿಲ್ಲ. ಮಾರುಕಟ್ಟೆಯ ಪದ್ಧತಿ ಅದು. ಎಷ್ಟೇ ಮೇಲೆ ಕೂಗಿರಲಿ, ಗೂಡು ಬೆಳೆದವರು ‘ಕೊಟ್ಟೆ’ ಅನ್ನುವವರೆಗೆ ತಕ್ಕಡಿಗೆ ಹಾಕುವ ಹಾಗಿಲ್ಲ. ಎಲ್ಲರೂ ದೊಡ್ಡಲಕ್ಷ್ಮಮ್ಮನ ಮುಖ ನೋಡಿದರು. ಅವಳು ಒಂದು ಗೂಡು ಎತ್ತಿ ಅಂಗೈಯಲ್ಲಿ ಹೊರಳಿಸಿ ನೋಡಿ, ‘ಇಲ್ಲ ಕಣಪ್ಪ. ಕೊಡಾಕಿಲ್ಲ’ ಅಂದಳು.

‘ನೋಡು ತಿಮ್ಮಣ್ಣ!’ ಅಂತ ನಿಯಾಜ್ ಕೈ ಚೆಲ್ಲಿದ. ‘ಎಲ್ಲಾರಿಗಿಂತ ಮೇಲೆ ನಾನೇ ಕೂಗಿದೀನಿ. ಆದ್ರೂ ಬೇಡ ಅಂತಾರೆ ಅಮ್ಮ.’

‘ನೀನು ಕೂಗಿದ್ದು ನಿನ್ನ ಲೆಕ್ಕ ಕಣಪ್ಪ. ಹಗಲೂ ರಾತ್ರಿ ಸೊಪ್ಪು ಹಾಕಿ ಸಾಕ್ದೋಳು ನಾನು. ನನ್ ಮನಸು ಒಪ್ಪಬೇಡ್ವಾ?’ ಅಂದಳು ಮುದುಕಿ. ತೂಗುವ ಹುಡುಗ ಪಕ್ಕದ ಲಾಟಿಗೆ ಹೋದ.

ತಿಮ್ಮಯ್ಯ ಇದನ್ನು ಸಾವಿರಾರು ಸಲ ನೋಡಿದ್ದ. ಎಷ್ಟೋ ಸಲ ಹೀಗೇ ಕೈಕಟ್ಟಿ ಕಾದಿದ್ದ. ಇವತ್ತು ಮಾತ್ರ ಎದೆಗೆ ಏನೋ ಚುಚ್ಚಿದ ಹಾಗಾಯಿತು. ಯಾರದೋ ಗೂಡಿಗೆ ಇಷ್ಟು ಮರ್ಯಾದೆ ಕೊಟ್ಟ ಕೈ ಇದು. ಇಡೀ ಆಯಸ್ಸಿನಲ್ಲಿ ಒಂದು ಸಲವೂ ಒಪ್ಪಿಗೆ ಕೇಳದೆ ತೂಗಲಿಲ್ಲ. ಮನೆಯಲ್ಲಿ ಹೆತ್ತ ಮಗಳ ಬಾಳನ್ನು ಬಾಗಿಲಿಗೆ ಬರೆದು, ಕೂಡಿ, ಕಳೆದು, ಕೂಗಿಬಿಟ್ಟೆನಲ್ಲ, ಅವಳನ್ನು ಒಂದು ಮಾತು ಕೇಳಿದೆನಾ? ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. ನಿಯಾಜ್ ಟೀ ಕುಡಿಯೋಣ ಬಾ ಅಂತ ಕರೆಯುತ್ತಿದ್ದರೂ ಕೇಳಿಸದವನ ಹಾಗೆ ದುಡುದುಡು ಮನೆ ಕಡೆ ನಡೆದ.

ರಾಧಾಮಣಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕಣ್ಣು ಕೆಂಪಾಗಿದ್ದವು. ತಿಮ್ಮಯ್ಯ ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತ.

‘ಮಗ, ಆ ಅಶ್ವಥ್ ಮೇಲೆ ನಿಂಗೆ ಮನಸು ಐತಾ?’

ಮಗಳು ಸೋಪಿನ ಕೈಯನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆದಳು.

‘ಹೇಳವ್ವ. ಒಸಿನಾದ್ರೂ?’

‘ಸೊನ್ನೆ ಅಪ್ಪ. ಅವ್ರು ಒಳ್ಳೆಯವ್ರೇ ಇರಬೌದು. ಆದ್ರೆ ಕಮ್ಮಿ ಅಂತಲ್ಲ. ಸೊನ್ನೆ.’

ಯಾವ ಥರದ ಸೊನ್ನೆ ಅಂತ ತಿಮ್ಮಯ್ಯ ಕೇಳಬೇಕಾಗಿರಲಿಲ್ಲ. ಖಾಲಿ ತಟ್ಟೆ ಅವನಷ್ಟು ನೋಡಿದವರು ಯಾರಿದ್ದಾರೆ?

‘ಕಬ್ಬಾಳಿನೋನು?’

ರಾಧಾಮಣಿ ಒದ್ದೆ ಬಟ್ಟೆಯನ್ನು ಹಿಂಡತೊಡಗಿದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು. ‘ಅವನು ಬಸ್ಸಲ್ಲಿ ಬುತ್ತಿ ಬಿಚ್ಚಿದ್ರೆ ಮೊದಲು ಡ್ರೈವರಣ್ಣನಿಗೆ ಕೊಡ್ತಾನೆ. ನಂಗೆ ಸಿಟ್ಟು ಬಂದ್ರೆ ಅದು ಇಳಿಯೋ ತನಕ ಕಾಯ್ತಾನೆ. ಅವನಿಗೆ ಸಿಟ್ಟು ಬಂದ್ರೆ ಮುಚ್ಚಿಟ್ಕೊಳ್ಳಲ್ಲ, ಯಾಕೆ ಅಂತ ಹೇಳ್ತಾನೆ. ಅವನ ಜೊತೆ ಇದ್ರೆ ನಂಗೆ ಭಯ ಆಗಲ್ಲ ಅಪ್ಪ.’ ಅಷ್ಟು ಹೇಳಿ ಮುಖ ಆ ಕಡೆ ತಿರುಗಿಸಿಕೊಂಡಳು.

ತಿಮ್ಮಯ್ಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದ.

‘ನಿಂಗೆ ಗೊತ್ತಿತ್ತಾ?’

‘ಊಂ. ಯುಗಾದಿಯಿಂದ.’

‘ಮತ್ತೆ ಯಾಕೆ ಹೇಳ್ಲಿಲ್ಲ?’

‘ನೀವು ಕೇಳ್ಲಿಲ್ಲ’ ಅಂದಳು ಕಾವೇರಮ್ಮ. ಮಾತಿನಲ್ಲಿ ಸಿಟ್ಟಿರಲಿಲ್ಲ, ಆದರೂ ತಿಮ್ಮಯ್ಯನಿಗೆ ತಾಗಬೇಕಾದಲ್ಲಿ ತಾಗಿತು. ಅವನು ಎದ್ದು ಮಗಳ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಏನು ಮಾಡಬೇಕೋ ತಿಳಿಯದೆ ಅವಳು ಹಿಂಡಿಟ್ಟ ಬಟ್ಟೆಗಳನ್ನು ತೆಗೆದು ಒಂದೊಂದಾಗಿ ತಂತಿಯ ಮೇಲೆ ಹಾಕಿದ. ಮಗಳು ಕಣ್ಣೊರೆಸಿಕೊಂಡು ನಕ್ಕಳು, ಅವನು ಪಂಚೆಯನ್ನು ತಿರುಗುಮುರುಗಾಗಿ ಹಾಕಿದ್ದಕ್ಕೆ.

ಮಧ್ಯಾಹ್ನದ ಊಟಕ್ಕೆ ಕಾವೇರಮ್ಮ ಹೆಸರುಬೇಳೆ ಪಾಯಸ ಮಾಡಿದಳು. ತಿಮ್ಮಯ್ಯ ಎರಡು ಸಲ ಹಾಕಿಸಿಕೊಂಡು ತಿಂದ. ಎಷ್ಟಕ್ಕೆ ಎಷ್ಟು ಅಂತ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಕಾವೇರಮ್ಮ ಮೂರನೇ ಸಲ ಕೇಳದೆಯೇ ಹಾಕಿದಳು.

ಹೊತ್ತು ಇಳಿಯುವ ಮುಂಚೆಯೇ ಗಂಗಹನುಮಯ್ಯ ಬಂದು ಜಗಲಿಯ ಮೇಲೆ ಕೂತ. ಬಾಗಿಲ ಹಿಂದೆ ಲೆಕ್ಕ ಹಾಕುತ್ತೇನೆ ಅಂತ ತಿಮ್ಮಯ್ಯ ಹಿಂದಿನ ದಿನವೇ ಕೊಚ್ಚಿಕೊಂಡಿದ್ದರಿಂದ, ಬಂದವನೇ ಬಾಗಿಲ ಹಿಂದೆ ಇಣುಕಿದ. ಅಲ್ಲಿ ಒರೆಸಿದ ಬಿಳಿ ಮಚ್ಚೆ ಮಾತ್ರ ಇತ್ತು.

‘ಏನ್ಲಾ ತಿಮ್ಮ, ಅಳೆದೂ ಸುರಿದೂ ಆಯ್ತಾ? ಯಾರು ಅಂತ ಹೇಳಪ್ಪ, ಚನ್ನಪಟ್ಟಣದ ಬಸ್ಸು ಹೋಗ್ಬುಡ್ತದೆ.’

‘ಚನ್ನಪಟ್ಟಣಕ್ಕೆ ಹೋಗು. ಹುಡುಗ ಚಿನ್ನದಂಥೋನು, ನಮಗೆ ಋಣ ಇಲ್ಲ ಅಂತ ಕೈ ಮುಗಿದು ಹೇಳು. ನಾಳೆ ಬೆಳಗ್ಗೆ ನಾನೂ ನೀನೂ ಕಬ್ಬಾಳಿಗೆ ಹೋಗಾನ.’

ಗಂಗಹನುಮಯ್ಯನ ಕಣ್ಣು ಅರಳಿದವು. ತಿಮ್ಮಯ್ಯನ ಲೆಕ್ಕದಲ್ಲಿ ಹತ್ತೊಂಬತ್ತರವನು ಇಪ್ಪತ್ತೇಳರವನನ್ನು ಸೋಲಿಸಿದ್ದಾನೆ ಅಂದರೆ ಅದೆಂಥ ಮೊತ್ತ ಬಂದಿರಬೇಕು! ಕುತೂಹಲ ತಡೆಯಲಾರದೆ ಹತ್ತಿರ ಜರುಗಿದ.

‘ಅಂದ್ರೆ ಆ ಹುಡುಗನಿಗೆ ಎಷ್ಟು ಬಂತ್ಲಾ?’

‘ಎಷ್ಟೂ ಇಲ್ಲ ಕಣಯ್ಯ’ ಅಂದ ತಿಮ್ಮಯ್ಯ. ‘ನನ್ನ ಮಗಳು ಒಪ್ಪವ್ಳೆ.’